ಮನೆಬಸ್ಸಿನ ತೊಟ್ಟಿ ಮತ್ತು ಎಳೆ ಸೌತೆಕಾಯಿ

ಪರಸ್ಥಳಕ್ಕೆ ಹೋದಾಗ ಊಟಕ್ಕೆ ಕರೆಯುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಬೆಳಗಾಗೆದ್ದು ಎಲ್ಲಿಗೆ ಹೋಗಬೇಕು ಎಂದು ಹೇಳುವವರು ಮಾತ್ರ ಸಿಗುವುದಿಲ್ಲ. ಗಂಡಸರು ಚೊಂಬು ಹಿಡಿದು ಬೇಲಿ ಮರೆಗೆ ನಡೆದುಬಿಡುತ್ತಾರೆ. ಹೆಂಗಸರ ಪಾಡು, ಅದರಲ್ಲೂ ಕಾಲು ಮಡಿಸಲಾಗದ ಮುದುಕಿಯ ಪಾಡು ಯಾರಿಗೆ ಬೇಕು?

ಅಕ್ಕಿಹೆಬ್ಬಾಳಿನ ಚಿಕ್ಕಬೋರಮ್ಮ ಅಂಥ ಮುದುಕಿ. ಲಕ್ವ ಹೊಡೆದು ಆಕೆಯ ಒಂದು ಕಾಲು ಸ್ವಾಧೀನ ತಪ್ಪಿತ್ತು. ಮಗಳು ಸುನಿತಾ ನಾಗಮಂಗಲದಲ್ಲಿ ಹೆತ್ತಿದ್ದಳು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ತನ್ನ ಕೈಲಾಗದೆ ಮಗಳು ಅತ್ತೆಮನೆಯಲ್ಲೇ ಉಳಿದಳಲ್ಲ ಎಂಬ ಕೊರಗು ಮುದುಕಿಯನ್ನು ತಿನ್ನುತ್ತಿತ್ತು. ಮೊಮ್ಮಗುವನ್ನು ಒಂದು ಸಲ ತೊಡೆಯ ಮೇಲೆ ಮಲಗಿಸಿಕೊಂಡರೆ ಸಾಕು ಅನ್ನುತ್ತಿದ್ದಳು. ಆದರೆ ಸರ್ಕಾರಿ ಬಸ್ಸು ಹತ್ತಿದರೆ ನಡುದಾರಿಯಲ್ಲಿ ಏನು ಗತಿ?

ಸೊಸೆ ಪ್ರಮೀಳಾ ಹಿಡಿದ ಹಟ ಬಿಡುವವಳಲ್ಲ. ಅವಳ ಗಂಡ ಶಿವಶಂಕರ್ ಹಾಲಿನ ಡೈರಿಯ ಕಾರ್ಯದರ್ಶಿ. ಶ್ರೀರಂಗಪಟ್ಟಣದಲ್ಲಿ ವಾಹನಗಳಿಗೆ ಬಾಡಿ ಕಟ್ಟುವ ಮುಖ್ತಾರ್ ಅಹಮದ್ ಅವನಿಗೆ ಹಳೆಯ ಪರಿಚಯ. ಮುಖ್ತಾರ್ ಒಂದು ಹಳೇ ಬಸ್ಸಿಗೆ ಎರಡು ಮಂಚ, ಸೀಮೆಎಣ್ಣೆ ಒಲೆ, ಹಿಂದುಗಡೆ ಕುರ್ಚಿಯಂತೆ ಕೂರುವ ಕಕ್ಕಸು, ಅದರಡಿ ತಗಡಿನ ತೊಟ್ಟಿ ಎಲ್ಲ ಕೂಡಿಸಿ ಮನೆಬಸ್ಸು ಮಾಡಿದ್ದ. ಪ್ರಮೀಳಾ ಗಂಡನ ಬೆನ್ನು ಹತ್ತಿ ಅದನ್ನೇ ತರಿಸಿದಳು. ಮೊದಲು ಶ್ರೀರಂಗಪಟ್ಟಣದಲ್ಲಿ ಕೆಲವು ದಿನ ಉಳಿದು ಅತ್ತೆಯ ಕಾಲಿಗೆ ಎಣ್ಣೆ ನೀವಿಸುವುದು, ಆಮೇಲೆ ಪಾಂಡವಪುರದ ಮೇಲೆ ನಾಗಮಂಗಲಕ್ಕೆ ಹೋಗುವುದು ಎಂದು ಗೊತ್ತಾಯಿತು. ಬಸ್ಸು ಮುಖ್ತಾರನ ಅಂಗಳದಲ್ಲಿ ನಿಂತಿತು. ಅಂಗಳದ ಹಿಂದೆಯೇ ನಾಲೆ.

ಬಂದ ಒಂದೆರಡು ದಿನಕ್ಕೇ ಅತ್ತೆ ಬಾಡಿಹೋಗಿದ್ದನ್ನು ಪ್ರಮೀಳಾ ಕಂಡಳು. ತುಟಿ ಒಣಗಿತ್ತು. ಮಜ್ಜಿಗೆ ಕೊಟ್ಟರೆ ಬೇಡ, ನೀರು ಕೊಟ್ಟರೂ ಬೇಡ. ಒತ್ತಾಯ ಮಾಡಿ ಕೇಳಿದ ಮೇಲೆ ಮುದುಕಿ ಬಾಯಿ ಬಿಟ್ಟಳು.

"ತೊಟ್ಟಿ ತುಂಬೋಯ್ತು ಅಂತ ಮಗ ಗೊಣಗ್ತಿದ್ದ ಕಣವ್ವ. ನೀರ್ ಕುಡುದ್ರೆ ತಾನೆ ಅಲ್ಲೀಗ್ ಹೋಗದು?"

ಪ್ರಮೀಳಾ ನೆಟ್ಟಗೆ ಹೊರಗೆ ಬಂದಳು. ತೊಟ್ಟಿ ಖಾಲಿ ಮಾಡಿಸಿ ಎಂದು ಗಂಡನಿಗೆ ಹೇಳಿದಳು. ಅದಕ್ಕೇನು, ಪಕ್ಕದಲ್ಲೇ ನಾಲೆ ಇದೆಯಲ್ಲ ಎಂದ ಶಿವಶಂಕರ್. ಮುಖ್ತಾರನೂ ತಲೆಯಾಡಿಸಿದ. ನಾಲೆ ನೀರು ಕೆಳಗೆ ಎಷ್ಟು ಜನ ಬಳಸುತ್ತಾರೆ ಎಂದು ಅವಳು ತಡೆದಳು.

"ಅರಿಯೋ ನೀರ್ಗೆ ಎಲ್ಲಿ ಮೈಲಿಗೆ ಬುಡು" ಎಂದು ಗಂಡ ನಕ್ಕುಬಿಟ್ಟ.

ನಗುವವರಿಗೆ ಬುದ್ಧಿ ಹೇಳುವುದು ಕಷ್ಟ. ಪುರಸಭೆಯಲ್ಲಿ ವಿಚಾರಿಸದೆ ತೊಟ್ಟಿ ಮುಟ್ಟಬೇಡಿ ಎಂದು ಹೇಳಿ ಪ್ರಮೀಳಾ ಮಲಗಿದಳು. ಅವಳು ಏಳುವ ಮೊದಲೇ, ಇನ್ನೂ ಕತ್ತಲಿರುವಾಗ, ಇಬ್ಬರು ಗಂಡಸರೂ ಪೈಪು ಎಳೆದು ಮೆಟ್ಟಿಲ ಹತ್ತಿರ ನಾಲೆಗೆ ಇಳಿಬಿಟ್ಟರು. ಯಾರೋ ಕೆಮ್ಮಿದ ಸದ್ದಾಗಿ ಅರ್ಧಕ್ಕೇ ತೊಟ್ಟಿಯ ತಿರುಪು ಬಿಗಿಸಿ, ಸಂಪನ್ನರಂತೆ ಬಂದು ಮಲಗಿದರು.

ಬೆಳಗ್ಗೆ ಇನ್ನೂ ಮಬ್ಬಿರುವಾಗಲೇ ಮುಖ್ತಾರನ ಹೆಂಡತಿ ಕಮರುನ್ನೀಸಾ ತಟ್ಟೆಯ ತುಂಬ ಎಳೆ ಸೌತೆಕಾಯಿ ತಂದಳು. ಅವಳೇ ಹಿತ್ತಲಲ್ಲಿ ಬೆಳೆದದ್ದು. ನೀರೊಲ್ಲದ ಮುದುಕಿ ಇದನ್ನಾದರೂ ತಿನ್ನಲಿ ಎಂಬ ಆಸೆ ಅವಳಿಗೆ.

"ತಿನ್ನಿ ಅವ್ವಾ, ಈಗ್ಲೇ ತೊಳ್ದು ತಂದೆ. ರಾತ್ರೀನೇ ನಾಲೆ ನೀರು ನಿಲ್ಸವ್ರೆ. ಮೆಟ್ಲು ಹತ್ರ ಗುಂಡೀಲಿ ಒಸಿ ನಿಂತಿತ್ತು, ಅದ್ರಲ್ಲೇ ತೊಳ್ದೆ."

ನಮ್ಮ ಕಡೆ ನಾಲೆಗಳಲ್ಲಿ ನೀರು ಸರದಿಯ ಮೇಲೆ ಬರುತ್ತದೆ. ಬಿಟ್ಟಾಗ ಹರಿಯುತ್ತದೆ, ಕಟ್ಟಿದಾಗ ನಿಲ್ಲುತ್ತದೆ. ಹುಟ್ಟಿದಾಗಿನಿಂದ ಅದನ್ನು ಕಂಡ ಆ ಇಬ್ಬರೂ ಕತ್ತಲಲ್ಲಿ ಒಮ್ಮೆ ಬಗ್ಗಿ ನೋಡಿರಲಿಲ್ಲ. ಹರಿಯುವ ನೀರು ಎಂದುಕೊಂಡು ನಿಂತ ನೀರಿಗೆ ಬಿಟ್ಟಿದ್ದರು.

ಚಿಕ್ಕಬೋರಮ್ಮ ಒಂದು ಸೌತೆಕಾಯಿಯನ್ನು ಬಾಯಿಗಿಡುವಷ್ಟರಲ್ಲಿ ಶಿವಶಂಕರ್ ಅದನ್ನು ಕಿತ್ತುಕೊಂಡ. ಕಮರುನ್ನೀಸಾಳ ಮುಖ ಕಪ್ಪಿಟ್ಟಿತು. ಅವಳು ತಟ್ಟೆ ಎತ್ತಿಕೊಂಡು ಹೊರಟಳು. ತನ್ನ ಕೈಯಿಂದ ತಿನ್ನಬಾರದು ಅಂತಲೇ ಕಿತ್ತುಕೊಂಡ ಎಂದು ಅವಳು ತಿಳಿದದ್ದು ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಇನ್ನು ಸುಮ್ಮನಿರುವ ಹಾಗಿರಲಿಲ್ಲ.

"ನಿಮ್ ಕೈದು ಅಂತ ಅಲ್ಲ ಕಣಕ್ಕ" ಎಂದ ಶಿವಶಂಕರ್, ತಲೆ ತಗ್ಗಿಸಿಕೊಂಡು. "ಆ ಗುಂಡೀಗೆ ನಮ್ ತೊಟ್ಟೀದ ಬುಟ್ಟಿದ್ದು ನಾವೇ."

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರಲ್ಲ, ಅದು ಹೆತ್ತವ್ವನ ಬಾಯಿಯವರೆಗೂ ಬಂದಿತ್ತು. ಕಮರುನ್ನೀಸಾ ಹಿತ್ತಲಲ್ಲಿ ಗುಂಡಿ ತೋಡಿ ಸೌತೆಕಾಯಿಗಳನ್ನು ಹಾಕಿ ಮಣ್ಣು ಮುಚ್ಚಿದಳು, ಸೋಪು ಹಾಕಿ ಕೈ ತೊಳೆದಳು, ಆಮೇಲೆ ಗಂಡನಿಗೆ ಉರ್ದುವಿನಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿದಳು. ನಾಲೆ ಮೆಟ್ಟಿಲ ಬಳಿ ನಿಂತು, ಬಂದವರಿಗೆಲ್ಲ ನೀರು ಮುಟ್ಟಬೇಡಿ ಎಂದು ಹೇಳುವ ಕೆಲಸ ಮುಖ್ತಾರನ ಪಾಲಿಗೆ ಬಂತು. ಯಾಕೆ ಎಂದು ಕೇಳಿದವರಿಗೆ ಕಾರಣವನ್ನೂ ಅವನೇ ಹೇಳಬೇಕಾಯಿತು.

ಇಷ್ಟಾದ ಮೇಲೆ ಚಿಕ್ಕಬೋರಮ್ಮ, ನನ್ನ ದೆಸೆಯಿಂದ ಇಷ್ಟೆಲ್ಲ ರಾದ್ಧಾಂತ, ಊರಿಗೇ ವಾಪಸ್ಸು ಹೋಗೋಣ ಎಂದು ಕಣ್ಣೊರೆಸಿಕೊಂಡಳು. ಪ್ರಮೀಳಾ ಬಸ್ಸಿನಡಿ ಬಗ್ಗಿ ತೊಟ್ಟಿಯ ತಿರುಪಿನ ಹಿಡಿಯನ್ನು ಬಿಚ್ಚಿ ತೊಳೆದು, ಚಿಂದಿಯಲ್ಲಿ ಸುತ್ತಿ ಸೆರಗಿನ ತುದಿಗೆ ಗಂಟು ಹಾಕಿದಳು.

"ಸರಿಯಾದ ಜಾಗ ಸಿಕ್ಕಗಂಟ ಇದು ನನ್ ತಾವ್ಲೇ ಇರ್ತದೆ. ನಿಮ್ಗೆ ಮೊಮ್ಮಗೀನ ತೋರುಸ್ದೆ ನಾ ಊರ್ ಕಡೆ ತಿರುಗಕ್ಕಿಲ್ಲ ಅತ್ತೆಮ್ಮ."

ಕಮರುನ್ನೀಸಾಳನ್ನು ಜೊತೆಗೆ ಕರೆದುಕೊಂಡು ಪುರಸಭೆಗೆ ನಡೆದಳು. ಹಿಂದೆ ಹಿಂದೆ ಶಿವಶಂಕರ್. ಅಲ್ಲಿನ ಆರೋಗ್ಯ ನಿರೀಕ್ಷಕ ಕರಿಯಪ್ಪ ಎಲ್ಲ ಕೇಳಿಸಿಕೊಂಡು, ಮೊದಲು ನಾಲೆಯ ಗುಂಡಿಗೆ ಬ್ಲೀಚಿಂಗ್ ಪುಡಿ ಹಾಕಿಸಲು ಆಳು ಕಳಿಸಿದರು. ಹಾಗಾದರೆ ಉಳಿದದ್ದನ್ನು ರಸ್ತೆ ಮೋರಿಗೆ ಬಿಡೋಣವೇ ಎಂದ ಶಿವಶಂಕರ್. ಕಲಿತ ಪಾಠ ಅಷ್ಟು ಬೇಗ ತಲೆಗೆ ಇಳಿಯುವುದಿಲ್ಲ ನೋಡಿ.

"ಸುತ್ತ ಹೊಳೆ ಇರೋ ಊರು ಸ್ವಾಮಿ ಇದು. ಮೋರಿಗೆ ಬುಟ್ರೂ ಕೊನೇಗೆ ಹೊಳೆಗೇ. ವಾಂತಿಭೇದಿ, ಕಾಮಾಲೆ, ಟೈಫಾಯಿಡ್ ಎಲ್ಲಾ ಇಂಗೇ ಊರಿಂದೂರ್ಗೆ ಹೋಗದು. ನಮ್ಮುನ್ನ ಕೇಳುದ್ರೆ ನಾವು ಜಾಗ ತೋರ್ಸಲ್ವಾ?" ಎಂದರು ಕರಿಯಪ್ಪ.

ಬಸ್ ನಿಲ್ದಾಣದ ಹಿಂದಿನ ಸಾರ್ವಜನಿಕ ಕಕ್ಕಸಿಗೆ ದೊಡ್ಡ ಮುಚ್ಚಿದ ಗುಂಡಿ ಇತ್ತು. ಅದಕ್ಕೆ ಬಿಡಲು ಕರಿಯಪ್ಪ ಒಪ್ಪಿದರು. ವಾಸನೆಗೆಂದು ತೊಟ್ಟಿಗೆ ಫಿನಾಯಿಲ್ ಸುರಿದಿಲ್ಲ ತಾನೆ ಎಂದು ಕೇಳಿದರು. ಅದನ್ನು ಸುರಿದರೆ ಗುಂಡಿಯೊಳಗೆ ಹೊಲಸು ಕರಗುವುದೇ ನಿಂತುಹೋಗುತ್ತದಂತೆ. ಗುಂಡಿಗೆ ಯಾರೂ ಇಳಿಯಕೂಡದು, ಪೈಪು ಮಾತ್ರ ಇಳಿಯಬೇಕು ಎಂದೂ ಎಚ್ಚರಿಸಿದರು.

ಮಧ್ಯಾಹ್ನ ಬಸ್ಸು ಅಲ್ಲಿಗೆ ಬಂತು. ಪ್ರಮೀಳಾ ಸೆರಗಿನ ಗಂಟು ಬಿಚ್ಚಿ ಹಿಡಿಯನ್ನು ಗಂಡನ ಕೈಗೆ ಕೊಟ್ಟಳು. ರಬ್ಬರ್ ಕೈಗವಸು ತೊಟ್ಟು ಅವನೇ ಪೈಪು ಜೋಡಿಸಿದ, ತೊಟ್ಟಿ ಖಾಲಿ ಮಾಡಿದ, ಎರಡು ಸಲ ನೀರು ಹಾಯಿಸಿ ತೊಳೆದ ನೀರನ್ನೂ ಅದೇ ಗುಂಡಿಗೆ ಬಿಟ್ಟ. ಆ ಪೈಪನ್ನು ಕುಡಿಯುವ ನೀರಿನ ನಲ್ಲಿಯ ಹತ್ತಿರಕ್ಕೂ ಒಯ್ಯದೆ ಬೇರೆ ಚೀಲದಲ್ಲಿ ಕಟ್ಟಿಟ್ಟ. ಹೀಗೆ ಮಾಡುವುದು ಇಷ್ಟು ಸಲೀಸೇ ಎಂದು ಅವನಿಗೇ ನಾಚಿಕೆಯಾಯಿತು.

ಹೊರಡುವಾಗ ಕಮರುನ್ನೀಸಾ ಮತ್ತೆ ಸೌತೆಕಾಯಿ ತಂದಳು. ಈ ಸಲ ನಲ್ಲಿ ನೀರಲ್ಲಿ ತೊಳೆದದ್ದು. ಚಿಕ್ಕಬೋರಮ್ಮ ಅವಳ ಕೈಯಿಂದಲೇ ಈಸಿಕೊಂಡು ತಿಂದಳು, ಒಂದು ಚೊಂಬು ನೀರನ್ನು ಗಟಗಟ ಕುಡಿದು, ಇನ್ನೊಂದು ಚೊಂಬು ಕೇಳಿದಳು.

ನಾಗಮಂಗಲದಲ್ಲಿ ಮೊಮ್ಮಗು ಅಜ್ಜಿಯ ತೊಡೆ ಹತ್ತಿದ ಕೂಡಲೇ ಸೀರೆ ಒದ್ದೆ ಮಾಡಿತು. "ಇವ್ನಿಗ್ ಯಾವ ತೊಟ್ಟೀನೂ ಬ್ಯಾಡ ಬುಡು" ಎಂದು ಮುದುಕಿ ಎಲ್ಲರನ್ನೂ ನಗಿಸಿದಳು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಮನೆಬಸ್ಸೋ, ಯಾತ್ರೆಯ ವ್ಯಾನೋ, ಕಕ್ಕಸಿನ ತೊಟ್ಟಿ ಇರುವ ಗಾಡಿ ಯಾವುದೇ ಇರಲಿ, ಊರು ಸೇರಿದ ದಿನವೇ ಪುರಸಭೆಯಲ್ಲೋ ಪಂಚಾಯ್ತಿಯಲ್ಲೋ ಜಾಗ ಕೇಳಿಕೊಳ್ಳಿ. ತುಂಬಿ ತುಳುಕುವವರೆಗೆ ಕಾಯಬೇಡಿ. ನಾಲೆಗೆ, ಹೊಳೆಗೆ, ಮೋರಿಗೆ ಬಿಡಬೇಡಿ. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ನಿಮ್ಮೂರಿಗೆ ಬಂದವರು ಜಾಗ ಕೇಳಿದರೆ ಮೂಗು ಮುರಿಯದೆ ತೋರಿಸಿ. ಇದೆಲ್ಲಕ್ಕೂ ಮೊದಲು, ಗಾಡಿಯೊಳಗೆ ನಿಮ್ಮ ಅವ್ವ ನೀರು ಕುಡಿಯದೆ ಕೂತಿದ್ದಾಳೆಯೇ, ಒಮ್ಮೆ ತಿರುಗಿ ನೋಡಿ.