ಹ್ಞೂಂ ಸಾಹುಕಾರರ ಪಾಲಿಸಿ

ನಮ್ಮವರಿಗೆ ಮೊಳೆಯೇ ಶತ್ರು. ಕೋಪದಲ್ಲಿ ಹೇಳುತ್ತಿರುವ ಮಾತಲ್ಲ ಇದು, ಇಪ್ಪತ್ತೆರಡು ವರ್ಷ ಅವರ ಎದುರು ಹೊಲಿಗೆ ಮೆಷಿನ್ ಹಾಕಿಕೊಂಡು ಕೂತು ಕಣ್ಣಾರೆ ಕಂಡದ್ದು. ನಮ್ಮದು ಹಳೇ ಸೋಫಾ, ಕುರ್ಚಿಗಳಿಗೆ ಹೊಸ ಮೆತ್ತೆ, ಹೊಸ ಬಟ್ಟೆ ಹಾಕಿಕೊಡುವ ಅಂಗಡಿ. ಬಟ್ಟೆ ಕತ್ತರಿಸಿ ಹೊಲಿಯುವುದು ನಾನು, ಅದನ್ನು ಮರಕ್ಕೆ ಎಳೆದು ಮೊಳೆ ಹೊಡೆಯುವುದು ಅವರು. ಒಂದು ಕೈ ಬಟ್ಟೆಯನ್ನು ಬಿಗಿಯಾಗಿ ಹಿಡಿದಿರಬೇಕು, ಇನ್ನೊಂದರಲ್ಲಿ ಸುತ್ತಿಗೆ. ಮೂರನೇ ಕೈ ದೇವರು ಕೊಟ್ಟಿಲ್ಲವಾದ್ದರಿಂದ ಮೊಳೆ ಬಾಯಲ್ಲಿ. ಹದಿನೈದು ಇಪ್ಪತ್ತು ಸಣ್ಣ ಮೊಳೆಗಳನ್ನು ಕೆನ್ನೆಯೊಳಗೆ ತುಂಬಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಅಯಸ್ಕಾಂತದ ಸುತ್ತಿಗೆಗೆ ಅಂಟಿಸಿ ಹೊಡೆಯುತ್ತಾರೆ. ಇದಕ್ಕೆಲ್ಲ ಪಿನ್ನು ಹೊಡೆಯುವ ಗನ್ ಬಂದು ಎಷ್ಟೋ ಕಾಲವಾಯಿತು. ಅದು ಕೆಲಸ ಬಾರದವರ ಆಟಿಕೆ ಅನ್ನುತ್ತಾರೆ ನಮ್ಮವರು.

ಬಾಯಲ್ಲಿ ಮೊಳೆ ಇಟ್ಟುಕೊಂಡು ಮಾತಾಡಲು ಹೋದರೆ ನುಂಗಬೇಕಾಗುತ್ತದೆ. ಹಾಗಾಗಿ ಯಾರು ಏನು ಕೇಳಿದರೂ ಅವರು ಮೂಗಿನಿಂದಲೇ "ಹ್ಞೂಂ" ಅನ್ನುತ್ತಾರೆ. "ಇಲ್ಲ" ಅನ್ನುವುದಕ್ಕೆ ಬಾಯಿ ತೆರೆಯಬೇಕು, ಕಾರಣ ಕೊಡಬೇಕು, ಎದುರಿಗಿರುವವರ ಮುಖ ಸಣ್ಣದಾಗುವುದನ್ನು ನೋಡಬೇಕು. ಅಷ್ಟೆಲ್ಲ ಯಾರಿಗೆ ಬೇಕು. ಬೀದಿಯವರು ಅವರಿಗೆ ಹ್ಞೂಂ ಸಾಹುಕಾರರು ಅಂತಲೇ ಹೆಸರಿಟ್ಟಿದ್ದಾರೆ. ಸಾಲಕ್ಕೆ ಜಾಮೀನು ಬೇಕಾದವರಿಗೆ ಅವರು ಮೊಳೆ ಹೊಡೆಯುವ ಹೊತ್ತೂ ಗೊತ್ತು. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕಾಗದ ಹಿಡಿದುಕೊಂಡು ಬರುತ್ತಾರೆ, "ಒಂದು ಸಹಿ ಅಣ್ಣಾ" ಅನ್ನುತ್ತಾರೆ, ಇವರು ಹ್ಞೂಂ ಅನ್ನುತ್ತಾರೆ, ಕೈಗೆ ಪೆನ್ನು ಬರುತ್ತದೆ. ಹೀಗೆ ಇವರ ದೊಡ್ಡಪ್ಪನ ಮಗ ಲಾಂಡ್ರಿ ತೆರೆದ. ಪಕ್ಕದ ಕ್ಷೌರದಂಗಡಿಗೆ ತಿರುಗುವ ಕುರ್ಚಿಗಳು ಬಂದವು. ಎದುರಿನ ಕನ್ನಡಕದಂಗಡಿಯವರು ಹೊಸ ಮೆಷಿನ್ ತರಿಸಿಕೊಂಡರು. ನಮ್ಮ ಅಂಗಡಿಯ ಸೀಲಿಂಗ್ ಫ್ಯಾನು ಮಾತ್ರ ಮದುವೆಯಾದ ವರ್ಷದ್ದು. ಮನೆಗೆ ಮಾರಿ ಊರಿಗೆ ಉಪಕಾರಿ ಅನ್ನುವುದು ನನ್ನ ಗಂಡನನ್ನು ನೋಡಿಯೇ ಹುಟ್ಟಿದ ಗಾದೆ ಇರಬೇಕು.

ಬರುವ ಸೋಮವಾರ ಅವರಿಗೆ ಹೃದಯದ ಆಪರೇಷನ್. ಒಂದು ಕವಾಟ ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲವಂತೆ. ನೂರರಲ್ಲಿ ತೊಂಬತ್ತೈದು ಜನ ನಡೆದುಕೊಂಡೇ ಮನೆಗೆ ಹೋಗುತ್ತಾರೆ ಎಂದು ಡಾಕ್ಟರು ಹೇಳಿದರು. ಅವರ ಕಿವಿಗೆ ತೊಂಬತ್ತೈದು ಬಿತ್ತು, ನನ್ನ ಕಿವಿಗೆ ಐದು ಬಿತ್ತು. ಒಂದೇ ಬೆಂಚಿನ ಮೇಲೆ ಕೂತು ಒಂದೇ ಮಾತು ಕೇಳಿದ್ದೆವು.

ಆ ಐದರ ಯೋಚನೆಯಲ್ಲೇ ನಾನಿದ್ದಾಗ ವಿಮೆಯಮ್ಮ ತಮ್ಮ ಸೋಫಾ ತಂದರು. ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ಸವೆಸಿದ ಹೆಂಗಸು, ಗಟ್ಟಿ ದನಿ, ಯಾರ ಮುಲಾಜೂ ಇಲ್ಲ. ಆಪರೇಷನ್ ವಿಷಯ ಕೇಳಿದವರೇ, ಪಾಲಿಸಿ ಏನಾದರೂ ಇದೆಯೇ ಎಂದರು. ಇತ್ತು. ಈಗ ನರ್ಸಿಂಗ್ ಓದುತ್ತಿರುವ ಮಗಳು ಹುಟ್ಟಿದ ವರ್ಷ ಮಾಡಿಸಿದ್ದು, ಸತ್ತರೆ ಮಾತ್ರ ಹಣ ಬರುವಂಥದ್ದು, ಕಂತು ಒಂದೂ ತಪ್ಪಿಲ್ಲ. ನಮ್ಮಿಬ್ಬರ ಬದುಕಿನಲ್ಲಿ ದೊಡ್ಡದು ಅನ್ನುವ ಮೊತ್ತ ಇರುವುದು ಅದೊಂದರಲ್ಲೇ. ಮನೆ ಬಾಡಿಗೆಯದು, ಅಂಗಡಿ ಬಾಡಿಗೆಯದು. ತಗಡಿನ ಪೆಟ್ಟಿಗೆಯಿಂದ ಅದನ್ನು ತಂದು ಕೊಟ್ಟೆ. ಕನ್ನಡಕ ಏರಿಸಿ ನೋಡಿ, ಹಣ ಯಾರಿಗೆ ಸೇರಬೇಕು ಅನ್ನುವ ಕಡೆ ಬೆರಳಿಟ್ಟು, ಇದು ಯಾರ ಹೆಸರು ಎಂದು ಕೇಳಿದರು. ನಮ್ಮತ್ತೆಯ ಹೆಸರು. ಅವರು ತೀರಿಕೊಂಡು ಆರು ವರ್ಷ. ಆಮೇಲೆ ಆ ಜಾಗ ಬದಲಾಯಿಸಬೇಕು ಎಂದು ನಮಗಿಬ್ಬರಿಗೂ ಹೊಳೆದಿರಲಿಲ್ಲ. ಊರವರ ಕಾಗದಕ್ಕೆಲ್ಲ ಸಹಿ ಹಾಕಿದ ಮಹಾನುಭಾವರು ತಮ್ಮ ಕಾಗದವನ್ನು ಒಮ್ಮೆಯೂ ಬಿಡಿಸಿ ನೋಡಿರಲಿಲ್ಲ.

ವಿಮೆಯಮ್ಮ ಬಿಡಿಸಿ ಹೇಳಿದರು. ಹೀಗೇ ಬಿಟ್ಟರೆ, ನಾಳೆ ಏನಾದರೂ ಆದರೆ ಈ ಹಣ ಸತ್ತವರ ಆಸ್ತಿಯ ಜೊತೆ ಸೇರಿಕೊಳ್ಳುತ್ತದೆ. ಆಸ್ತಿಗೆ ಮೊದಲು ಕೈ ಹಾಕುವವರು ಸಾಲ ಕೊಟ್ಟವರು. ಜಾಮೀನೂ ಸಾಲವೇ. ಸಾಲ ತೆಗೆದ ಮೂರು ಜನರಲ್ಲಿ ಒಬ್ಬ ಕಂತು ನಿಲ್ಲಿಸಿದರೂ ಸಾಲ ಕೊಟ್ಟವರು ಈ ಹಣದ ಬಾಗಿಲಿಗೇ ಬರುತ್ತಾರೆ, ಮಿಕ್ಕಿದ್ದು ನನಗೆ ಮತ್ತು ಮಗಳಿಗೆ. ಅದೇ ಈಗಲೇ ಇದನ್ನು ಹೆಂಡತಿ ಮತ್ತು ಮಗಳ ಹೆಸರಿಗೆ ಪೂರ್ತಿಯಾಗಿ ಬಿಟ್ಟುಕೊಟ್ಟು ಬರೆದರೆ ಇದು ಇವರದ್ದೇ ಅಲ್ಲ. ಇವರದ್ದಲ್ಲದ್ದನ್ನು ಇವರ ಸಾಲಕ್ಕೆ ಕೇಳುವ ಹಾಗಿಲ್ಲ. ಎರಡು ಮಾತು ಮಾತ್ರ ನೆನಪಿರಲಿ ಎಂದರು. ಒಮ್ಮೆ ಬಿಟ್ಟುಕೊಟ್ಟ ಮೇಲೆ ಇವರೇ ಬಂದು ಅತ್ತು ಕರೆದರೂ ವಾಪಸ್ ಸಿಗುವುದಿಲ್ಲ. ಮತ್ತೆ, ಎಲ್ಲರ ಕಂತೂ ಸರಿಯಾಗಿ ಹೋಗುತ್ತಿರುವಾಗಲೇ ಬರೆಯಬೇಕು. ಸಾಲ ಕೊಟ್ಟವರು ಬಾಗಿಲು ಬಡಿಯಲು ಶುರು ಮಾಡಿದ ಮೇಲೆ ಬರೆದರೆ ಮೋಸ ಅನ್ನುತ್ತಾರೆ, ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ದೊಡ್ಡಪ್ಪನ ಮಗನ ಲಾಂಡ್ರಿಯಲ್ಲಿ ಎರಡು ಮೆಷಿನ್ ಕೆಟ್ಟು ನಿಂತಿವೆ ಎಂದು ನನಗೆ ಗೊತ್ತಿತ್ತು. ಇವತ್ತೇ ಮುಗಿಸೋಣ ಎಂದೆ. ಆಗ ನೋಡಿ ಆಶ್ಚರ್ಯ. ಜೀವಮಾನದಲ್ಲಿ ಯಾರಿಗೂ ಸಹಿ ಇಲ್ಲ ಅನ್ನದ ಮನುಷ್ಯ, ಹೆಂಡತಿ ಕೇಳಿದ ಒಂದೇ ಒಂದು ಸಹಿಗೆ "ನೋಡೋಣ" ಅಂದರು. ಬಾಯಲ್ಲಿ ಮೊಳೆಯೂ ಇರಲಿಲ್ಲ.

ಹತ್ತು ದಿನ ನೋಡಿದರು. ಬಡಿಸುವಾಗ ಕೇಳಿದೆ, ಮಾತ್ರೆ ಕೊಡುವಾಗ ಕೇಳಿದೆ, ಬಾಯಿ ತುಂಬ ಮೊಳೆ ಇರುವಾಗ ಕಾಗದ ಹಿಡಿದೂ ನೋಡಿದೆ. ಬೀದಿಯವರಿಗೆಲ್ಲ ಫಲ ಕೊಟ್ಟ ಉಪಾಯ ನನಗೆ ಕೊಡಲಿಲ್ಲ. ಕಡೆಗೆ ಒಂದು ದಿನ ಅವರೇ ಬಾಯಿ ಬಿಟ್ಟರು. ಆ ಸಾಲಗಳನ್ನು ತಮ್ಮ ಸಹಿ ನಂಬಿಕೊಂಡು ಕೊಟ್ಟಿದ್ದಾರೆ, ಸಾಯುವ ಮೊದಲು ದುಡ್ಡು ಬಚ್ಚಿಟ್ಟ ಅನ್ನಿಸಿಕೊಳ್ಳುವುದು ತಮಗಿಷ್ಟವಿಲ್ಲ ಎಂದರು. ನನಗೆ ರೇಗಿತು.

"ಅವರು ಸಾಲ ಕೊಟ್ಟಿದ್ದು ನಿಮ್ಮ ಸುತ್ತಿಗೆ ನೋಡಿ ಕಣ್ರೀ. ನಿಮ್ಮ ಹೆಣ ನೋಡಿ ಅಲ್ಲ" ಎಂದೆ.

ಹೇಳಿದ ಮೇಲೆ ಕೆನ್ನೆ ಕೆನ್ನೆ ಬಡಿದುಕೊಳ್ಳುವ ಹಾಗಾಯಿತು. ಅವರು ಮಾತ್ರ ಅದನ್ನು ಒಳ್ಳೇ ವಾದವೆಂದು ಮೆಚ್ಚಿಕೊಂಡರು. ಮೆಚ್ಚಿಕೊಂಡು ಮಾಡಿದ್ದೇನು? ಶರಟು ಬದಲಾಯಿಸಿ, ತಲೆ ಬಾಚಿ, ಫೈನಾನ್ಸ್ ಕಂಪನಿಗೆ ಹೋಗಿ ಮ್ಯಾನೇಜರನ್ನೇ ಕೇಳಿದ್ದಾರೆ: ನನಗೆ ಹೃದಯದ ಆಪರೇಷನ್ ಇದೆ, ಪಾಲಿಸಿಯನ್ನು ಹೆಂಡತಿ ಮಗಳ ಹೆಸರಿಗೆ ಬರೆಯಬೇಕೆಂದಿದ್ದೇನೆ, ನಿಮ್ಮದೇನಾದರೂ ಅಭ್ಯಂತರ ಇದೆಯೇ? ಮೂರೂ ಸಾಲ ಕೊಟ್ಟಿದ್ದು ಅದೇ ಕಂಪನಿ. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದು ಅಂದರೆ ಇದೇ. ನಮ್ಮವರು ಅದಕ್ಕೆ ವಿಳಾಸವನ್ನೂ ಬರೆದುಕೊಟ್ಟು ಬಂದಿದ್ದರು. ಮ್ಯಾನೇಜರು ತುಂಬಾ ಒಳ್ಳೆಯವರಂತೆ, ಚಹಾ ಕೊಟ್ಟರಂತೆ, ಯೋಚನೆ ಮಾಡಿ ಹೇಳುತ್ತೇನೆ ಎಂದರಂತೆ. ಆ ದಿನ ನಾನು ಅವರ ಜೊತೆ ಮಾತಾಡಲಿಲ್ಲ. ಮಾತಾಡಿದ್ದರೆ ಡಾಕ್ಟರು ಹೇಳಿದ ತೊಂಬತ್ತೈದರಲ್ಲಿ ಇನ್ನಷ್ಟು ಕಡಿಮೆಯಾಗುತ್ತಿತ್ತು.

ಮೊನ್ನೆ ಮಂಗಳವಾರ ಮ್ಯಾನೇಜರು ಬಂದರು. ಸರಿಯಾಗಿ ಹನ್ನೊಂದು ಗಂಟೆಗೆ. ನಮ್ಮವರು ವಿಮೆಯಮ್ಮನ ಸೋಫಾದ ತೋಳಿಗೆ ಬಟ್ಟೆ ಎಳೆದು ಹಿಡಿದಿದ್ದರು, ಎರಡೂ ಕೆನ್ನೆ ಉಬ್ಬಿದ್ದವು. ಮ್ಯಾನೇಜರು ಸ್ಟೂಲಿನ ಮೇಲೆ ಕೂತು ಆರೋಗ್ಯ ವಿಚಾರಿಸಿದರು, ಹ್ಞೂಂ. ಸೋಮವಾರವೇ ಆಪರೇಷನ್ನಾ, ಹ್ಞೂಂ. ಆಮೇಲೆ ಚೀಲದಿಂದ ಒಂದು ಕಾಗದ ತೆಗೆದರು. ಪಾಲಿಸಿಯನ್ನು ಕಂಪನಿಗೆ ಹೆಚ್ಚುವರಿ ಭದ್ರತೆಯಾಗಿ ಬರೆದುಕೊಟ್ಟರೆ ಎಲ್ಲರಿಗೂ ನೆಮ್ಮದಿ, ಬರಿಯ ಒಂದು ಸಹಿ ಎಂದರು. ನಾನು ಮೆಷಿನ್ ನಿಲ್ಲಿಸಿದೆ. ಇವರು ಹ್ಞೂಂ ಅಂದರೆ ಮುಗಿಯಿತು, ಮಗಳ ಎರಡು ವರ್ಷದ ನರ್ಸಿಂಗ್ ಓದೂ ಮುಗಿಯಿತು.

ಮ್ಯಾನೇಜರಿಗೆ ಅಲ್ಲಿಗೇ ನಿಲ್ಲಿಸಲು ಬರಲಿಲ್ಲ. ನಯವಾಗಿಯೇ ಇನ್ನೊಂದು ಮಾತು ಸೇರಿಸಿದರು. ಮನೆಯವರ ಯೋಚನೆ ಬೇಡ, ಅವರ ಕೈಯಲ್ಲಿ ಹೊಲಿಗೆ ಇದೆ, ಮಗಳೂ ದೊಡ್ಡವಳಾಗಿದ್ದಾಳೆ, ಅವಳಿಗೂ ಒಂದು ಮೆಷಿನ್ ಹಾಕಿಕೊಟ್ಟರಾಯಿತು ಎಂದರು.

ನಮ್ಮವರು ಸುತ್ತಿಗೆ ಕೆಳಗಿಟ್ಟರು. ಎಳೆದು ಹಿಡಿದ ಬಟ್ಟೆ ಬಿಟ್ಟರು. ಎಡಗೈ ಚಾಚಿ ಬಾಯಿಂದ ಮೊಳೆ ಒಂದೊಂದೇ ತೆಗೆದು ಅಂಗೈ ಮೇಲೆ ಇಟ್ಟುಕೊಳ್ಳತೊಡಗಿದರು. ನಡುಮಧ್ಯ ಕೆಲಸ ಬಿಟ್ಟು ಅವರು ಮೊಳೆ ತೆಗೆದದ್ದನ್ನು ನಾನು ನೋಡಿರಲೇ ಇಲ್ಲ, ನನ್ನ ಹೆರಿಗೆ ನೋವಿನ ದಿನವೂ ಬಾಯಲ್ಲಿದ್ದದ್ದನ್ನು ಹೊಡೆದು ಮುಗಿಸಿಯೇ ಎದ್ದಿದ್ದರು. ಹದಿನಾಲ್ಕು ಮೊಳೆ. ಅಷ್ಟೂ ಹೊತ್ತು ಮ್ಯಾನೇಜರು ಪೆನ್ನು ಚಾಚಿಕೊಂಡೇ ಕೂತಿದ್ದರು.

"ಅವರು ಯಾರಾದ್ರೂ ಕಟ್ಟದಿದ್ರೆ ನನ್ನ ಹತ್ರ ಬನ್ನಿ" ಎಂದರು ನಮ್ಮವರು. "ಇರೋವರೆಗೂ ದುಡಿದು ಕಟ್ತೀನಿ. ಸುತ್ತಿಗೆ ಬೇಕಾದ್ರೆ ಅದನ್ನೂ ತಗೊಂಡು ಹೋಗಿ. ನಾನು ಸತ್ತಾಗ ಬರೋ ದುಡ್ಡು ನನ್ನ ಮಗಳದ್ದು. ಅದಕ್ಕೆ ನಾನು ಸಹಿ ಹಾಕಲ್ಲ."

ಪಾಲಿಸಿ ಇನ್ನೂ ನಿಮ್ಮ ಹೆಸರಿನಲ್ಲೇ ಇದೆಯಲ್ಲ ಎಂದು ಮ್ಯಾನೇಜರು ನೆನಪಿಸಿದರು.

"ಮಧ್ಯಾಹ್ನ ಊಟದವರೆಗೆ" ಎಂದರು ಇವರು.

ಇಪ್ಪತ್ತೆರಡು ವರ್ಷದಲ್ಲಿ ಮೊದಲನೇ ಸಲ ಹೊರಗಿನವರೊಬ್ಬರಿಗೆ ಆ ಬಾಯಿಂದ "ಇಲ್ಲ" ಅನ್ನುವ ಅರ್ಥದ ಮಾತು ಬಂತು. ಎದ್ದು ಹೋಗಿ ತಬ್ಬಿಕೊಳ್ಳೋಣ ಅನ್ನಿಸಿತು. ಅದರ ಬದಲು ಮ್ಯಾನೇಜರಿಗೆ ಒಂದು ಲೋಟ ನೀರು ಕೊಟ್ಟು, ಇವತ್ತಿನವರೆಗೆ ಮೂರೂ ಸಾಲದಲ್ಲಿ ಕಂತು ಬಾಕಿ ಏನಾದರೂ ಇದೆಯೇ ಎಂದು ಕೇಳಿದೆ. ಬಾಯಿ ತುಂಬ ನೀರಿತ್ತು, ತಲೆಯಾಡಿಸಿದರು, ಏನೂ ಇಲ್ಲ. ಹಾಗಾದರೆ ಅಷ್ಟನ್ನೇ ತಾರೀಖು ಹಾಕಿ ಬರೆದುಕೊಡಿ, ಆಪರೇಷನ್ ಹೊತ್ತಿಗೆ ಇವರ ಮನಸ್ಸು ಹಗುರಾಗಿರಲಿ ಎಂದೆ. ಕಾಯಿಲೆಯವರ ಮನೆಯಲ್ಲಿ ಇಲ್ಲ ಅನ್ನುವುದು ಹೇಗೆ? ಬರೆದು ಸಹಿ ಹಾಕಿಕೊಟ್ಟರು. ಆಮೇಲೆ ವಿಮೆಯಮ್ಮ ಆ ಚೀಟಿ ನೋಡಿ, ಇದನ್ನು ಪಾಲಿಸಿಯಷ್ಟೇ ಜೋಪಾನವಾಗಿ ಇಡಿ ಎಂದರು.

ಊಟಕ್ಕೂ ಮೊದಲೇ ಹೊರಟೆವು. ವಿಮೆಯಮ್ಮ ಕೆಲಸ ಮಾಡುವ ಕಚೇರಿ ಎರಡನೇ ಮಹಡಿಯಲ್ಲಿ, ಕೆಳಗೆ ಚಪ್ಪಲಿ ಅಂಗಡಿ. ಮೂವತ್ತೆರಡು ಮೆಟ್ಟಿಲು. ನಮ್ಮವರು ಎಂಟೆಂಟು ಮೆಟ್ಟಿಲಿಗೊಮ್ಮೆ ನಿಂತು, ಗೋಡೆಯ ಬಣ್ಣ ಸರಿಯಿಲ್ಲ, ಕಂಬಿ ಸಡಿಲವಾಗಿದೆ ಎಂದು ತಪ್ಪು ಹುಡುಕುವ ನೆಪದಲ್ಲಿ ಉಸಿರು ತಿರುಗಿಸಿಕೊಂಡರು. ನಾನೂ ಹೌದು ಹೌದು ಎಂದೆ. ಮೇಲೆ ಹೋದ ಮೇಲೆ ಮೂರು ಕಡೆ ಸಹಿ ಹಾಕಿದರು, ಪೆನ್ನಿಗೆ ಟೋಪಿ ಹಾಕಿ ನನ್ನ ಕಡೆ ತಳ್ಳಿದರು. ಒಪ್ಪಿಗೆ ಇದೆ ಎಂದು ನಾನೂ ಒಂದು ಸಹಿ ಹಾಕಬೇಕಿತ್ತು.

ನಾನು ಓದದೆ ಸಹಿ ಹಾಕುವವಳಲ್ಲ. ಓದಿದೆ. "ವಿಮಾದಾರರ ಮರಣದ ನಂತರ ಸಂಪೂರ್ಣ ಮೊತ್ತವನ್ನು ಪಡೆಯಲು" ಎಂದಿತ್ತು. ಅದರ ಕೆಳಗೆ ಮಗಳ ಹೆಸರಿನ ಜೊತೆ ನನ್ನ ಹೆಸರು ಅಚ್ಚುಕಟ್ಟಾಗಿ ಟೈಪ್ ಆಗಿತ್ತು, ನನ್ನ ಹೆಸರಿನ ಮುಂದೆ ಖಾಲಿ ಗೆರೆ. ಹತ್ತು ದಿನ ಅವರ ಪ್ರಾಣ ಹಿಂಡಿದ್ದು ಈ ಗೆರೆಗಾಗಿ. ಈಗ ಪೆನ್ನು ಹಿಡಿದರೆ ಕೈ ಮುಂದೆ ಹೋಗಲಿಲ್ಲ. ನನಗೆ ಭಯವಾಯಿತು. ಇಷ್ಟು ದಿನ ಬೈದು, ಹಂಗಿಸಿ, ಓಡಾಡಿ ದೂರ ಇಟ್ಟಿದ್ದ ಭಯವೆಲ್ಲ ಒಟ್ಟಿಗೇ ಬಂದು ಎದೆಯ ಮೇಲೆ ಕೂತಿತು. ವಿಮೆಯಮ್ಮ ಗಡಿಯಾರ ನೋಡಿದರು. ನಮ್ಮವರು ಮೆಲ್ಲಗೆ ನನ್ನ ಮೊಣಕೈ ತಟ್ಟಿ, ಹಾಕು ಮಾರಾಯ್ತಿ, ನಾನೇ ಹಾಕಿದೆ ಎಂದರು.

ನಾನು ವಿಮೆಯಮ್ಮನನ್ನು ಕೇಳಿದೆ. "ಇವರು ಆಪರೇಷನ್ ಮುಗಿಸಿ ಎದ್ದು ಬಂದ್ರೆ, ಈ ದುಡ್ಡು ಸಾಲ ಕೊಟ್ಟವರಿಗೂ ಸಿಗಲ್ಲ, ನಮಗೂ ಸಿಗಲ್ಲ, ಅಲ್ವಾ?"

"ಇಲ್ಲಮ್ಮ. ಅವರು ಇರೋವರೆಗೂ ಯಾರಿಗೂ ಸಿಗಲ್ಲ" ಎಂದರು ಅವರು.

"ಹಂಗಾದ್ರೆ ಯಾರಿಗೂ ಸಿಗದೇ ಇರ್ಲಿ" ಎಂದು ಹೇಳಿ ಸಹಿ ಹಾಕಿದೆ.