ದೊಡ್ಡ ಸಾಹೇಬರ ನಿದ್ದೆ

ವಕೀಲ ಗ್ಯಾಲಗರ್ ಫೋನಿನಲ್ಲಿ ಹೇಳಿದ್ದು ಕೇಳಿ ನೊಹೆಮಿ ಹಿಟ್ಟಿನ ಕೈಯಲ್ಲೇ ಕುಣಿದುಬಿಟ್ಟಳು. ಗಂಡನ ಕೊಲೆ ಬೆದರಿಕೆಗೆ ಹೆದರಿ ಓಡಿಬಂದಿದ್ದ ಅವಳಿಗೆ ಅಮೆರಿಕದಲ್ಲಿ ಆಶ್ರಯ ಕೊಟ್ಟ ವಲಸೆ ಮಂಡಳಿಯ ತೀರ್ಪನ್ನು ನ್ಯಾಯ ಇಲಾಖೆಯ ದೊಡ್ಡ ಸಾಹೇಬರು ಖುದ್ದಾಗಿ ನೋಡಲು ತರಿಸಿಕೊಂಡಿದ್ದರು. ಅವಳ ಹೊಂಡುರಾಸಿನಲ್ಲಿ ದೊಡ್ಡವರ ಕಣ್ಣಿಗೆ ಬಿದ್ದ ಕೆಲಸ ಆದಂತೆಯೇ ಲೆಕ್ಕ. ಒಂದು ಕೋಳಿ ಕೊಟ್ಟು ಬಂದರಾಯಿತು.

"ಯಾವತ್ತು ಕರೀತಾರೆ ವಕೀಲರೇ? ಹಸಿರು ಲಂಗ ಇಸ್ತ್ರಿ ಮಾಡಿಡ್ಲಾ?"

"ಅಯ್ಯೋ, ಕರೆಯೋದೇ ಇಲ್ಲಮ್ಮ! ಗೆದ್ದ ಕೇಸನ್ನ ತಿರುಗಿಸೋಕೇ ಹೀಗೆ ತರಿಸ್ಕೊಳ್ಳೋದು ಹೆಚ್ಚು. ಅವರೊಬ್ಬರೇ ಕೂತು ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ."

"ಕೋಳಿ...?"

"ನನ್ನನ್ನ ಜೈಲಿಗೆ ಕಳಿಸ್ಬೇಡಿ."

"ಏನೂ ಅನ್ನದೇ ಇದ್ರೆ?"

"ಅಲ್ಲೀವರೆಗೆ ನಿಮ್ಮನ್ನ ಯಾರೂ ವಾಪಸ್ ಕಳಿಸೋ ಹಾಗಿಲ್ಲ. ಆದ್ರೆ ಮಗಳನ್ನ ಕರೆಸ್ಕೊಳ್ಳೋಕೂ ಆಗಲ್ಲ."

ಪುಣ್ಯಾತ್ಗಿತ್ತಿ ಮೊದಲರ್ಧ ಮಾತ್ರ ಕೇಳಿಸಿಕೊಂಡಳು. ಅಂದಿನಿಂದ ತನ್ನ ದೇಶ ಕಾಯುವ ಸುಯಾಪದ ಮೇರಿ ಮಾತೆಯ ಪುಟ್ಟ ವಿಗ್ರಹದ ಮುಂದೆ ದಿನಾ ಸಂಜೆ ಮೇಣದಬತ್ತಿ, ಜೊತೆಗೆ ನಿದ್ದೆ ಬರಿಸುವ ಹೂವಿನ ಕಷಾಯ ಒಂದು ಲೋಟ. "ತಾಯೀ, ಸಾಹೇಬರಿಗೆ ಆಕಳಿಕೆ ಕೊಡು. ಕಡತ ಮುಟ್ಟಿದ ಕೂಡಲೇ ಕಣ್ಣು ಮುಚ್ಚಲಿ."

ಫಲ ಕಾಣದೇ ಇರಲಿಲ್ಲ. ಆ ಸಾಹೇಬರು ಕಡತ ಬಿಚ್ಚದೆಯೇ ಹುದ್ದೆ ಬಿಟ್ಟು ಹೋದರು. ಮನೆ ಹಂಚಿಕೊಂಡಿದ್ದ ಗೆಳತಿ ಚೆಪಿತಾ ಕಾಲೆಳೆದಳು. "ಲೇ, ಹೊಸಬರು ಕೋಳಿ ಕೂಗೋಕ್ಮುಂಚೆ ಆಫೀಸಲ್ಲಿರ್ತಾರಂತೆ. ನಿನ್ನ ಕಷಾಯ ಇನ್ನು ಹಂಡೇಲಿ ಕಾಯಿಸ್ಬೇಕು!"

ನೊಹೆಮಿ ಬಿಡಲಿಲ್ಲ, ಲೋಟ ಎರಡು ಮಾಡಿದಳು. ಹೊಸಬರೂ ಹೂಂ ಊಹೂಂ ಎನ್ನದೆ ಕಡತದ ಮೇಲೆ ಗಟ್ಟಿಯಾಗಿ ಕೂತರು.

ಹೊಂಡುರಾಸಿನಲ್ಲಿ ಅಜ್ಜಿಯ ಮನೆಯಲ್ಲಿದ್ದ ಮಗಳು ಜೂದಿತ್ ಒಂದು ಭಾನುವಾರ ಫೋನು ಮಾಡಿದಳು. ಅವಳ ಹದಿನೈದನೇ ಹುಟ್ಟುಹಬ್ಬಕ್ಕೆಂದು ನೊಹೆಮಿ ಗುಲಾಬಿ ಬಣ್ಣದ ಲಂಗ ಹೊಲಿದಿಟ್ಟಿದ್ದಳು.

"ಅಮ್ಮಾ, ಸೊಂಟ ಇನ್ನೊಂಚೂರು ಬಿಚ್ಚು. ನಾನು ಮತ್ತೆ ದಪ್ಪ ಆಗಿದೀನಿ. ನೀನು ಕರೆಸ್ಕೊಳ್ಳೋಷ್ಟರಲ್ಲಿ ನನ್ನ ಮದುವೇನೇ ಆಗಿರುತ್ತೆ ಅಂತಾಳೆ ಅಜ್ಜಿ."

ತಾಯಿ ಮಗಳಿಬ್ಬರೂ ಬಿದ್ದು ಬಿದ್ದು ನಕ್ಕರು. ಫೋನಿಟ್ಟು ನೊಹೆಮಿ ಹೊಲಿಗೆ ಬಿಚ್ಚಲು ಕೂತಳು. ಬಿಚ್ಚಲು ಒಳಗೆ ಬಟ್ಟೆಯೇ ಉಳಿದಿರಲಿಲ್ಲ. ಲಂಗವನ್ನು ಮುಖಕ್ಕೆ ಒತ್ತಿಕೊಂಡು ಗೋಳೋ ಎಂದು ಅತ್ತಳು. ಮಗಳು ಅಲ್ಲಿ ತನ್ನ ಪಾಡಿಗೆ ಬೆಳೆಯುತ್ತಿದ್ದಾಳೆ, ತಾನು ಇಲ್ಲಿ ಯಾರದೋ ನಿದ್ದೆ ಕಾಯುತ್ತಿದ್ದಾಳೆ.

ಎದ್ದವಳೇ ಎರಡೂ ಲೋಟದ ಕಷಾಯವನ್ನು ಬಚ್ಚಲಿಗೆ ಸುರಿದಳು.

"ಏನೇ ಮಾಡ್ತಿದೀಯಾ? ಸಾಹೇಬ್ರು ಎದ್ದು ಊಹೂಂ ಅಂದುಬಿಟ್ರೆ?" ಚೆಪಿತಾ ಗಾಬರಿಯಾದಳು. "ಕೊಲ್ತೀನಿ ಅಂತಿದ್ದ ನಿನ್ನ ಗಂಡ ಊರಲ್ಲೇ ಇದ್ದಾನಲ್ಲೇ!"

"ಇದ್ದಾನೆ. ನನ್ನ ಮಗಳೂ ಅಲ್ಲೇ ಇದ್ದಾಳೆ."

ಆ ಸಂಜೆ ಮೇಣದಬತ್ತಿಯ ಪಕ್ಕದಲ್ಲಿ ನೊಹೆಮಿ ಹಾಲಿಲ್ಲದ ಕಡು ಕಾಫಿಯನ್ನು ಲೋಟದ ತುಂಬ ಇಟ್ಟಳು. ಅದು ತಣ್ಣಗಾದಾಗ ಮತ್ತೆ ಬಿಸಿ ಮಾಡಿ ತಂದಿಟ್ಟಳು.