ಶುದ್ಧಪ್ರತಿ ಅಕ್ಕನದು

ಕಾಗದ ಮಡಚುವ ಸದ್ದು, ಒಂದರ ಹಿಂದೆ ಒಂದು, ಶಾಲೆಯ ಕಾರಿಡಾರಿನುದ್ದಕ್ಕೂ ಇಟ್ಟ ಮೇಜುಗಳ ಮೇಲೆ ಹದಿನೆಂಟರ ಮಕ್ಕಳು ಹಾಳೆಯ ನಡುಮಧ್ಯೆ ಉಗುರಿನಿಂದ ಗೀರುತ್ತಿದ್ದಾರೆ, ನಿವೇಸ್ ಕೂಡ ಮಡಚಿದಳು, ಸೊಟ್ಟ ಬಂತು, ಬರಲಿ ಬಿಡು, ಐವತ್ತೆರಡು ವರ್ಷದ ಕೈ, ಶಾಲೆಯ ಅಡುಗೆಮನೆಯಲ್ಲಿ ಬೀನ್ಸು ಹುಳಿಕೋಸು ಬೇಯಿಸಿ ಬೇಯಿಸಿ ದಪ್ಪಗಾದ ಹೆಬ್ಬೆರಳು, ಇದಕ್ಕೆ ನೆಟ್ಟಗೆ ಮಡಚೋಕೆ ಬರುತ್ತಾ — ಎಡಗಡೆ ಅರ್ಧದಲ್ಲಿ ಬರೆಯಬೇಕು, ಬಲಗಡೆ ಅರ್ಧ ತಿದ್ದುವುದಕ್ಕೆ ಖಾಲಿ, ಇದು ಕರಡು, ಇದಕ್ಕೆ ಈ ತ್ರಿಯೆಸ್ತೆ ಊರಲ್ಲಿ ಕುರೂಪಿ ಅನ್ನುತ್ತಾರೆ, ಆಮೇಲೆ ಬೇರೆ ಹಾಳೆಯಲ್ಲಿ ಒಂದೂ ಕಾಟಿಲ್ಲದೆ ನಕಲು ಮಾಡಿದರೆ ಅದು ಶುದ್ಧಪ್ರತಿ, ಚೆಲುವೆ, ಅಂಕ ಕೊಡುವುದು ಚೆಲುವೆಗೆ, ಲೋಕದಲ್ಲೆಲ್ಲ ಹಾಗೇ ಅಲ್ಲವೇ. ಮುಂದಿನ ಮೇಜಿನ ಹುಡುಗಿ ತಿರುಗಿ ನೋಡಿದಳು, ಇವಳು ಮೇಲ್ವಿಚಾರಕಿ ಇರಬೇಕು ಅಂದುಕೊಂಡಿದ್ದಳೇನೋ, ಪಾಪ, ಇಲ್ಲ ಮಗಳೇ, ನಾನೂ ಪರೀಕ್ಷೆಗೇ ಕೂತವಳು, ಶಾಲೆ ಮುಗಿಸುವ ಈ ಡಿಪ್ಲೊಮಾ ಮೂವತ್ನಾಲ್ಕು ವರ್ಷ ತಡವಾಗಿದೆ ಅಷ್ಟೆ. ಪ್ರಬಂಧದ ವಿಷಯ ಓದಿ ನಗು ಬಂತು, ಊರುಗಳಲ್ಲಿ ಒಬ್ಬೊಬ್ಬರೇ ಬದುಕುವವರು ಹೆಚ್ಚುತ್ತಿದ್ದಾರೆ, ನಿಮ್ಮ ಅಭಿಪ್ರಾಯವೇನು, ಅಯ್ಯೋ ದೇವರೇ, ನನ್ನನ್ನ ಕೇಳುತ್ತೀರಾ, ಬೆಳಿಗ್ಗೆ ಎರಡು ಲೋಟ ತೆಗೆದು ಒಂದನ್ನ ವಾಪಸ್ಸು ಕಪಾಟಿಗಿಡುವವಳನ್ನ.

ಮೊದಲು ಏಣಿ ಸಿನ್ಯೋರಾ, ಏಣಿ ಇಲ್ಲದೆ ಹತ್ತಿದರೆ ಸೊಂಟ ಮುರಿಯುತ್ತೆ — ಜುಲಿಯಾನಿ ಮೇಷ್ಟ್ರು, ನಿವೃತ್ತರಾದ ಮೇಲೂ ಗುರುವಾರ ಗುರುವಾರ ಪಾಠ ಹೇಳಿಕೊಟ್ಟ ಮಹಾನುಭಾವ, ಕೆಳಗಿನ ಮೆಟ್ಟಿಲು ನೀವು ಹೇಳೋದೇನು, ಅದರ ಮೇಲೆ ಯಾಕೆ ಅನ್ನೋದು, ಆಮೇಲೆ ಅಲ್ಲ ಅನ್ನೋರಿಗೆ ಉತ್ತರ, ಒಂದು ಉದಾಹರಣೆ, ಮುಕ್ತಾಯ, ಮತ್ತೆ ನಾನು ನಾನು ಅಂತ ಮಾತ್ರ ಬರೀಬೇಡಿ, ನಿಮ್ಮ ವಿಷಯ ಯಾರು ಕೇಳಿದರು. ಸರಿ, ಬರೆದಳು, ಒಂಟಿತನ ಅಂದರೆ ಜನ ಇಲ್ಲದಿರುವುದಲ್ಲ, ಕೆಲಸ ಹಂಚಿಕೊಳ್ಳುವವರು ಇಲ್ಲದಿರುವುದು, ಪರವಾಗಿಲ್ಲ, ಇದು ಮೇಷ್ಟ್ರಿಗೂ ಹಿಡಿಸುತ್ತೆ, ಯಾಕೆ ಅನ್ನುವುದೂ ಬಂತು, ಉತ್ತರವೂ ಬಂತು, ಉದಾಹರಣೆಯ ಮೆಟ್ಟಿಲಿಗೆ ಕಾಲಿಟ್ಟಳೋ ಇಲ್ಲವೋ ಅಲೀಡಾ ಅಲ್ಲಿ ಕೂತಿದ್ದಾಳೆ, ಅಕ್ಕ, ಚಿಕ್ಕಂದಿನ ಹಾಗೇ ನಾಲಿಗೆ ತುದಿ ಹೊರಗೆ ಚಾಚಿಕೊಂಡು, ಅಡುಗೆಮನೆ ಮೇಜಿನ ಮೇಲೆ ನಿವೇಸಳ ಗೀಚಾಟವನ್ನೆಲ್ಲ ದುಂಡಗೆ ಇಳಿಸುತ್ತಾ, ಯೋಚನೆ ನಿಂದು ಕೈ ನಂದು ಅನ್ನುತ್ತಾ, ನೆಂಟರು ಬಂದಾಗ ಅಮ್ಮ ಇಬ್ಬರನ್ನೂ ನಿಲ್ಲಿಸಿ ಇವಳು ನಮ್ಮ ಚೆಲುವೆ, ಇವಳು ನಮ್ಮ ಕುರೂಪಿ ಅಂದಳು, ಎಲ್ಲ ನಕ್ಕರು, ನಿವೇಸಳೂ ನಕ್ಕಳು. ಆಮೇಲೆ ಆ ದಿನ, ಹದಿನೈದರ ವಯಸ್ಸು, ತರಗತಿಯಲ್ಲೇ ಬರೆಯಬೇಕಾದ ಪ್ರಬಂಧ, ಕರಡು ಎಲ್ಲರಿಗಿಂತ ಮೊದಲು ಮುಗಿಸಿ ಕೈಕಟ್ಟಿ ಕೂತಿದ್ದಳು, ಸುಮ್ಮನೆ, ಅಕ್ಕ ಬಂದು ಉಳಿದದ್ದು ಬರೆಯುತ್ತಾಳೆ ಅನ್ನುವ ಹಾಗೆ, ಗಂಟೆ ಹೊಡೆಯಿತು, ಟೀಚರು ಖಾಲಿ ಚೆಲುವೆ ಹಾಳೆಯನ್ನ ಎರಡು ಬೆರಳಲ್ಲಿ ಎತ್ತಿ ಇಡೀ ತರಗತಿಗೆ ತೋರಿಸಿದರು, ಮಾರನೇ ದಿನದಿಂದ ನಿವೇಸ್ ಶಾಲೆಗೆ ಹೋಗಲಿಲ್ಲ. ಎಂಥ ದಡ್ಡಿ ನಾನು, ಎಂಥ ದಡ್ಡಿ.

ಬಿಸಿಲು ಕಿಟಕಿಯಿಂದ ಮೊಣಕೈವರೆಗೆ ಬಂದಿದೆ, ಪೆನ್ನು ಓಡುತ್ತಿದೆ, ನಾನು ಅಂತಲೇ ಓಡುತ್ತಿದೆ, ಕ್ಷಮಿಸಿ ಮೇಷ್ಟ್ರೇ — ಅಕ್ಕನ ಗಂಡ ಬಿಟ್ಟುಹೋದ, ಅವಳು ತ್ರಿಯೆಸ್ತೆಯ ನನ್ನ ಎರಡು ಕೋಣೆ ಮನೆಗೆ ಬಂದಳು, ಒಂಬತ್ತು ವರ್ಷ ಒಂದೇ ಮೇಜು, ನೀನು ಆ ಡಿಪ್ಲೊಮಾ ತಗೋ ಕಣೇ ಅಂತ ದಿನಾ ತಲೆ ತಿಂದವಳು ಅವಳೇ, ಈ ಸಲ ನಕಲು ನೀನೇ ಮಾಡಬೇಕು, ನಾನು ಸತ್ತರೂ ಬರಲ್ಲ ಅಂತ ತಮಾಷೆ ಬೇರೆ, ಅರ್ಜಿ ಹಾಕಿದ ತಿಂಗಳೇ ಹೊಟ್ಟೆನೋವು ಅಂದಳು, ಆಸ್ಪತ್ರೆ, ಬಿಳಿ ಹಾಸು, ಹಾಸಿನ ಮೇಲೆ ಅವಳ ತೋರುಬೆರಳು, ಎಡದಿಂದ ಬಲಕ್ಕೆ, ಮತ್ತೆ ಎಡಕ್ಕೆ ಬಂದು ಎಡದಿಂದ ಬಲಕ್ಕೆ, ಔಷಧದ ಮಂಪರು ಅಂದರು ನರ್ಸು, ಅಲ್ಲ, ಗೆರೆ ನೇರವಾಗಿತ್ತು, ನಿವೇಸ್ ಬಗ್ಗಿ ಕೇಳಿದ್ದಳು, ಏನು ಬರೀತಿದೀಯೇ.

ನಿಂದೇ ಕಣೇ, ಇನ್ನೇನು. ಅರ್ಧ ಆಗಿದೆ.

ಇನ್ನು ಒಂದು ಗಂಟೆ ಇದೆ, ನಕಲು ಶುರು ಮಾಡದವರು ಮಾಡಿ, ಅಂದರು ಮೇಲ್ವಿಚಾರಕಿ, ನಾನು ಕೈಕಟ್ಟಿ ಕೂತಿಲ್ಲ ತಾನೇ, ಇಲ್ಲ, ಹೊಸ ಹಾಳೆ ಎಳೆದುಕೊಂಡಳು, ಬರೆ, ನಿಧಾನ, ದುಂಡಗೆ, ಅಕ್ಷರ ಕುಂಟುತ್ತಿವೆ, ಕುಂಟಲಿ, ಕಾಟು ಬಾರದಿದ್ದರೆ ಸಾಕು, ಮೊದಲ ಮೆಟ್ಟಿಲು ಇಳಿಯಿತು, ಎರಡನೆಯದು, ಮುಂದಿನ ಹುಡುಗಿ ಆಗಲೇ ಎದ್ದು ಹೋದಳು, ಮೂರನೆಯದು, ಇಷ್ಟೇನಾ, ಇಷ್ಟಕ್ಕಾ ಅಷ್ಟು ವರ್ಷ ಹೆದರಿದ್ದು, ಅಕ್ಕಾ ನೋಡೇ, ಬರ್ತಿದೆ ಕಣೇ — ಉದಾಹರಣೆ. ಕರಡಿನಲ್ಲಿ ಹೀಗಿದೆ: ನನ್ನ ಅಕ್ಕ ನನ್ನ ತಪ್ಪುಗಳನ್ನು ತಿದ್ದುತ್ತಾಳೆ. ತಿದ್ದುತ್ತಾಳೆ. ಬಿಸಿಬಿಸಿಯಲ್ಲಿ ಹಾಗೇ ಬಂದುಬಿಟ್ಟಿದೆ, ತಪ್ಪು, ಕಾಲ ತಪ್ಪು, ಮೇಷ್ಟ್ರು ಕೆಂಪಿನಲ್ಲಿ ಸುತ್ತು ಹಾಕುವಂಥ ತಪ್ಪು, ಬಲಗಡೆ ಅರ್ಧ ಮೇಲಿಂದ ಕೆಳಗೆ ಖಾಲಿ, ಯಾರೂ ತಿದ್ದಿಲ್ಲ, ನಾನೇ ತಿದ್ದಬೇಕು, ತಿದ್ದುತ್ತಿದ್ದಳು ಅನ್ನಬೇಕು, ಗೊತ್ತು, ಅಷ್ಟು ವ್ಯಾಕರಣ ಬರುತ್ತೆ ನನಗೆ, ಮಾರ್ಚಿನಲ್ಲಿ ಅವಳಿಗೆ ಮಣ್ಣು ಹಾಕಿ ಬಂದವಳು ನಾನೇ — ಬರೆದಳು, ನನ್ನ ಅಕ್ಕ, ದುಂಡಗೆ, ನನ್ನ ತಪ್ಪುಗಳನ್ನು, ತಿದ್ದು — ಇಲ್ಲಿವರೆಗೆ ಎರಡೂ ಒಂದೇ, ಮುಂದಿನದಷ್ಟೇ ಬೇರೆ, ಇನ್ನು ಮೂರು ಅಕ್ಷರ ಹಾಕು ನಿವೇಸ್, ಹಾಕಿ ಮುಕ್ತಾಯ ಬರೆದರೆ ಚೆಲುವೆ ಮುಗಿಯುತ್ತೆ, ಹಾಕು, ಪೆನ್ನಿನ ತುದಿ ಕಾಗದಕ್ಕೆ ತಾಗಿಯೇ ಇದೆ, ಶಾಯಿ ಚುಕ್ಕಿಯಾಗಿ ಹರಡುತ್ತಿದೆ, ಬಿಳಿ ಹಾಸು, ಬೆರಳು, ಎಡದಿಂದ ಬಲಕ್ಕೆ, ಅರ್ಧ ಆಗಿದೆ, ಎಡದಿಂದ ಬಲಕ್ಕೆ, ಬೆರಳು